ಕೋಟಿಗೆ ಒಂದು ಕಮ್ಮಿ

ನಮ್ಮ ಮನೆಗೆ ಟಿವಿ ಗೇಮ್ ಬಂದದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ದುಗ್ಗಮ್ಮನ ಜಾತ್ರೆಯ ವರ್ಷ ಅದು. ಜಾತ್ರೆಗೆ ಹೊಸ ಬಟ್ಟೆ ಬೇಡ, ಅದರ ಬದಲು ಟಿವಿ ಗೇಮ್ ಕೊಡಿಸಿ ಅಂತ ಮೂರು ದಿನ ಊಟ ಬಿಟ್ಟಿದ್ದೆ. ಅಂದರೆ ಅವ್ವನ ಕಣ್ಣೆದುರಿಗೆ ಬಿಟ್ಟಿದ್ದೆ. ಹಿತ್ತಲಲ್ಲಿ ಅಜ್ಜಿ ಕೊಡುತ್ತಿದ್ದ ಒಗ್ಗರಣೆ ಮಂಡಕ್ಕಿ ಲೆಕ್ಕಕ್ಕಿಲ್ಲ. ಕೊನೆಗೆ ಅಪ್ಪ ಸೋತರು. ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಅವರು ಗುಮಾಸ್ತರು. ಮೆಕ್ಕೆಜೋಳದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಕಾಲ. ಒಂದು ಸಂಜೆ ನನ್ನನ್ನು ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯವನು ಆಟದ ಪೆಟ್ಟಿಗೆಯ ಜೊತೆಗೆ ಹಳದಿ ಕ್ಯಾಸೆಟ್ ಒಂದನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ಒಂದು ಡೈನೋಸಾರ್, ಒಂದು ಮೋಟಾರ್ ಸೈಕಲ್, ಬಂದೂಕು ಹಿಡಿದ ಇಬ್ಬರು ದಾಂಡಿಗರು. ಇವರೆಲ್ಲರ ತಲೆಯ ಮೇಲೆ, ಬೆಂಕಿ ಹೊತ್ತಿಕೊಂಡಂಥ ಅಕ್ಷರದಲ್ಲಿ, '9999999 ಇನ್ 1'. ಅಪ್ಪ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಎಣಿಸಿದರು.

"ಏಳು ಒಂಬತ್ತು. ಅಂದ್ರೆ ಕೋಟಿಗೆ ಒಂದು ಕಮ್ಮಿ," ಅಂದರು. ಆಮೇಲೆ ಅಂಗಡಿಯವನ ಮುಖ ನೋಡಿ, "ಆ ಒಂದನ್ನ ಯಾಕೆ ಬಿಟ್ಟಾರೆ?"

"ಅದು ಕಂಪನಿಯೋರ ಲೆಕ್ಕ. ನಮಗೇನು ಗೊತ್ತಣ್ಣ?"

ಸಂಖ್ಯೆ ಕಂಡರೆ ಅಪ್ಪನಿಗೆ ಸುಮ್ಮನಿರಲು ಬರುವುದಿಲ್ಲ. ರಾತ್ರಿ ಊಟ ಆದ ಮೇಲೆ ಮಂಡಿಯ ಚೀಟಿಯ ಹಿಂಬದಿಯಲ್ಲಿ ಗುಣಿಸಿ, ಭಾಗಿಸಿ ಹೇಳಿದರು: ಒಂದು ಆಟಕ್ಕೆ ಒಂದೇ ನಿಮಿಷ ಅಂತ ಹಿಡಿದರೂ, ಊಟ ನಿದ್ದೆ ಬಿಟ್ಟು ಹಗಲೂ ರಾತ್ರಿ ಕೂತರೂ, ಎಲ್ಲ ಮುಗಿಸೋಕೆ 19 ವರ್ಷ ಬೇಕು. "ಅಷ್ಟರಾಗೆ ನಿನ್ನ ಮದಿವಿ ಆಗಿರ್ತೈತಿ."

ಕ್ಯಾಸೆಟ್ಟಿನೊಳಗೆ ಇದ್ದದ್ದು ಹೆಚ್ಚೆಂದರೆ ಹನ್ನೆರಡು ಆಟ. ಮಾರಿಯೋ, ಕಾಂಟ್ರಾ, ಟ್ಯಾಂಕು, ಕಾರು, ಸರ್ಕಸ್ಸು, ಬಾತುಕೋಳಿ ಹೊಡೆಯೋದು, ಹೀಗೆ. ಹದಿಮೂರನೆಯದರಿಂದ ಅವೇ ಆಟಗಳು ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿದ್ದವು. ಒಂದರಲ್ಲಿ ಮಾರಿಯೋ ಮೊದಲನೆಯ ಕಡೆಯಿಂದ ಹೊರಡುವ ಬದಲು ನಡುವೆ ಎಲ್ಲಿಂದಲೋ ಹೊರಡುತ್ತಾನೆ. ಇನ್ನೊಂದರಲ್ಲಿ ಆಕಾಶದ ಬಣ್ಣ ಬೇರೆ. ಮತ್ತೊಂದರಲ್ಲಿ ಎಷ್ಟು ಬಿದ್ದರೂ ಸಾಯುವುದಿಲ್ಲ. ಕೋಟಿಯ ಮಾತು ಹಸಿ ಹಸಿ ಸುಳ್ಳು.

ಆದರೆ ಮೋಸ ಹೋದೆವು ಅಂತ ನಮಗೆ ಒಂದು ದಿನವೂ ಅನ್ನಿಸಲಿಲ್ಲ. ನಾನು, ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು, ಎದುರು ಮನೆಯ ಹುಡುಗಿ, ನಾಲ್ವರೂ ಸೇರಿ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಸೋಸಲು ಶುರು ಮಾಡಿದೆವು. ಹಳೇ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಷರಾ ಬರೆಯುತ್ತಿದ್ದೆವು. "ನಂ. 61: ಟ್ಯಾಂಕೇ, ಆದರೆ ಇಟ್ಟಿಗೆ ಕಮ್ಮಿ." "ನಂ. 217: ಮಾರಿಯೋನೇ, ಆದರೆ ರಾತ್ರಿ." ಈಗ ಯೋಚಿಸಿದರೆ ನಾನು ಬರೆದ ಮೊದಲ ವಿಮರ್ಶೆಗಳು ಅವೇ. ಆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾನೂರು ದಾಟಿದ್ದೆವು. ಹೊಸ ಆಟ ಒಂದೂ ಸಿಕ್ಕಿರಲಿಲ್ಲ. ಮುಂದಿನದು ಹೊಸದಿದ್ದರೂ ಇರಬಹುದು ಅನ್ನುವುದು ಮಾತ್ರ ಪ್ರತಿ ಸಲವೂ ಹೊಸದಾಗಿಯೇ ಇತ್ತು.

ಇದರ ಜೊತೆಗೆ ಬಾಯಿಂದ ಬಾಯಿಗೆ ಬರುತ್ತಿದ್ದ ಪ್ರಚಾರ ಬೇರೆ. ಮಾರಿಯೋ ಆಟದಲ್ಲಿ ಹೆಚ್ಚಿನ ಹಂತಗಳ ಕೊನೆಗೆ ಒಂದು ಬಾವುಟದ ಕಂಬ ಬರುತ್ತದಲ್ಲ, ಅದನ್ನು ಹಿಡಿದು ಜಾರದೆ ಮೇಲಿಂದ ಹಾರಿ ಆಚೆ ಹೋದರೆ ಗುಪ್ತ ಲೋಕವೊಂದು ಸಿಗುತ್ತದೆ ಅಂತ ಹೈಸ್ಕೂಲಿನ ಹುಡುಗನೊಬ್ಬ ಹೇಳಿದ. ಅವನು ನೋಡಿರಲಿಲ್ಲ, ಹುಬ್ಬಳ್ಳಿಯಲ್ಲಿದ್ದ ಅವನ ಸೋದರಮಾವನ ಗೆಳೆಯ ನೋಡಿದ್ದನಂತೆ. ಒಂದು ಇಡೀ ದಸರಾ ರಜೆ ಆ ಕಂಬದ ಬುಡದಲ್ಲಿ ಕಳೆದೆವು. ದೊಡ್ಡವನಾದ ಮೇಲೆ ಗೊತ್ತಾಯಿತು, 1985ರಲ್ಲಿ ಆಟ ಬಂದ ಮೇಲೆ ದೇಶ ದೇಶಗಳ ಹುಡುಗರೂ ಇದೇ ಗಾಳಿಮಾತು ನಂಬಿಕೊಂಡು ಇದೇ ಕಂಬದ ಬುಡದಲ್ಲಿ ಕುಣಿದಿದ್ದಾರೆ. ಹುಬ್ಬಳ್ಳಿಯ ಆ ಸೋದರಮಾವನ ಗೆಳೆಯ ಎಲ್ಲ ದೇಶದಲ್ಲೂ ಇದ್ದ ಅಂತಾಯಿತು.

ಕಂಬ ಹಾರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಆಡಿದ್ದನ್ನು ಉಳಿಸಿಡುವ ಸೌಲಭ್ಯ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಕರೆಂಟ್ ಬಂದ ಮೇಲೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದಿ ಮತ್ತೆ ಮೊದಲಿಂದ.

ಇಷ್ಟನ್ನೂ ನೆನೆಯಲು ಕಾರಣ ಇನ್ನೊಂದು ಸಂಖ್ಯೆ. 1,84,46,74,40,73,70,95,51,616. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಒಟ್ಟು 64 ಎರಡುಗಳನ್ನು ಗುಣಿಸಿದರೆ ಬರುವ ಮೊತ್ತ. 'ನೋ ಮ್ಯಾನ್ಸ್ ಸ್ಕೈ' ಅನ್ನುವ ಆಟದಲ್ಲಿ ಇಷ್ಟು ಗ್ರಹಗಳಿವೆ ಅಂತ ಅದನ್ನು ಮಾಡಿದವರು ಹೇಳಿದರು. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನ ಹೆಲೋ ಗೇಮ್ಸ್, ಬೆರಳೆಣಿಕೆಯ ಜನರ ಸಂಸ್ಥೆ. ಒಂದೊಂದು ಗ್ರಹವನ್ನೂ ಕೂತು ಬಿಡಿಸುವುದು ಮನುಷ್ಯರಿಂದ ಆಗದ ಕೆಲಸ. ಹಾಗಾಗಿ ಒಂದು ಗಣಿತಸೂತ್ರ ಬರೆದರು. ನೀವು ಹೋದ ಕಡೆ ಆ ಸೂತ್ರವೇ ಬೆಟ್ಟ, ಹುಲ್ಲು, ಮಳೆ, ಪ್ರಾಣಿ ಎಲ್ಲವನ್ನೂ ಆ ಕ್ಷಣಕ್ಕೆ ಹುಟ್ಟಿಸುತ್ತದೆ. 2013ರ ಡಿಸೆಂಬರಿನಲ್ಲಿ ಮೊದಲ ತುಣುಕು ತೋರಿಸಿದರು, ಆಟ ಬಂದದ್ದು 2016ರ ಆಗಸ್ಟಿನಲ್ಲಿ. ನಡುವಿನ ಎರಡೂವರೆ ವರ್ಷ ಸಂಸ್ಥೆಯ ಮುಖ್ಯಸ್ಥ ಶಾನ್ ಮರ್ರೆ ಹೋದ ಹೋದ ಸಂದರ್ಶನದಲ್ಲಿ, ಅದೂ ಮಾಡಬಹುದು, ಇದೂ ಮಾಡಬಹುದು, ಬೇರೆ ಆಟಗಾರರೂ ಎದುರಾಗಬಹುದು ಅಂತ ಹೇಳುತ್ತ ಹೋದರು.

ಗ್ರಹಗಳ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ. ಏಳು ಒಂಬತ್ತರ ಕ್ಯಾಸೆಟ್ಟಿನಂತೆ ಹನ್ನೆರಡಕ್ಕೆ ನಿಲ್ಲದೆ, ನಿಜಕ್ಕೂ ಅಷ್ಟೂ ಇದ್ದವು. ಆದರೂ ಜನ ಉರಿದು ಬಿದ್ದರು. ಬಿಡುಗಡೆಯ ಮೊದಲ ದಿನವೇ ಇಬ್ಬರು ಆಟಗಾರರು ಹುಡುಕಿಕೊಂಡು ಹೋಗಿ ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು. ಒಬ್ಬರಿಗೆ ಒಬ್ಬರು ಕಾಣಿಸಲಿಲ್ಲ. ಅಲ್ಲಿಂದ ಶುರುವಾದ ಬೈಗುಳ ನಿಲ್ಲಲು ವರ್ಷಗಳೇ ಬೇಕಾದವು. ಬ್ರಿಟನ್ನಿನ ಜಾಹೀರಾತು ಕಾವಲು ಸಂಸ್ಥೆಯವರೆಗೆ ದೂರು ಹೋಯಿತು. ಅವರು ನೋಡಿ, ಜಾಹೀರಾತು ದಾರಿ ತಪ್ಪಿಸುವಂತಿಲ್ಲ ಅಂತ ಆ ವರ್ಷದ ಕೊನೆಗೆ ಕೈಬಿಟ್ಟರು.

ಹಸಿ ಸುಳ್ಳು ಹೇಳಿದ ಕ್ಯಾಸೆಟ್ಟಿಗೆ ನಾವು ಕೈ ಮುಗಿದೆವು, ಲೆಕ್ಕ ತಪ್ಪದ ಆಟಕ್ಕೆ ಜಗತ್ತು ಚಪ್ಪಲಿ ತೋರಿಸಿತು. ಇದು ಯಾಕೆ ಹೀಗೆ ಅಂತ ನನಗೆ ಬಹಳ ದಿನ ಬಿಡಿಸಿಕೊಳ್ಳಲು ಆಗಿರಲಿಲ್ಲ.

ನಾನು ಈಗ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟ್ರು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಅಂತ ಬರೆದು, ಮಾವಿನಹಣ್ಣಿನ ಉದಾಹರಣೆ ಕೊಡುತ್ತೇನೆ. ಮೊದಲ ಹಣ್ಣು ತಿಂದಾಗ ಸಿಗುವಷ್ಟು ತೃಪ್ತಿ ಎರಡನೆಯದರಿಂದ ಸಿಗುವುದಿಲ್ಲ, ಮೂರನೆಯದರಿಂದ ಇನ್ನೂ ಕಮ್ಮಿ, ಐದೋ ಆರೋ ಆಗುವಷ್ಟರಲ್ಲಿ ಹಣ್ಣು ಕಂಡರೆ ವಾಕರಿಕೆ. ಪಟ್ಟಿ ಒಂದರಿಂದ ಶುರುವಾಗುತ್ತದೆ. ಪುಸ್ತಕ ಬರೆದವರು ಸೊನ್ನೆಯನೇ ಹಣ್ಣನ್ನು ಮರೆತಿದ್ದಾರೆ ಅಂತ ನನ್ನ ವಾದ. ಸೊನ್ನೆಯನೇ ಹಣ್ಣು ಅಂದರೆ, ಕೈಗೆ ಸಿಗುವ ಮೊದಲು ಮನಸ್ಸಿನಲ್ಲೇ ತಿಂದು ಮುಗಿಸುವ ಹಣ್ಣು. ಅದಕ್ಕೆ ಗೊರಟವಿಲ್ಲ, ನಾರಿಲ್ಲ, ಹುಳಿಯಿಲ್ಲ. ಅದನ್ನು ತಿಂದವನಿಗೆ ಅಂಗಡಿಯಿಂದ ಬರುವ ಮೊದಲನೇ ಹಣ್ಣು ಆಗಲೇ ಎರಡನೆಯದು.

ನಮ್ಮೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೆಂಗಳೂರಿನ ನೆಂಟರಿಗೆ ಬೆಣ್ಣೆ ದೋಸೆ ತಿನ್ನಿಸಿದವರೆಲ್ಲ ಬಲ್ಲರು. ನನ್ನ ಹೆಂಡತಿಯ ತಮ್ಮ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗ. ಫೋನಿನಲ್ಲಿ ನೂರಾರು ವಿಡಿಯೋ ನೋಡಿಕೊಂಡು, ರೈಲು ಹತ್ತುವ ಮೊದಲೇ ಬಾಯಲ್ಲಿ ನೀರೂರಿಸಿಕೊಂಡು ಬಂದ. ತಟ್ಟೆ ಬಂತು. ಬೆಳ್ಳನೆಯ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಮೇಲೆ ಕರಗುತ್ತಿರುವ ಬೆಣ್ಣೆ. ಒಂದು ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ ಭಾವ... ಸಾಂಬಾರ್ ಕೊಡಲ್ವಾ?" ಅಂದ. ಆ 'ಚೆನ್ನಾಗಿದೆ'ಯ ಮುಂದಿನ ಮೌನದಲ್ಲಿ ಇಡೀ ಊರಿನ ಮಾನ ನೇತಾಡುತ್ತಿತ್ತು. ನಾನು ಜಗಳಕ್ಕೆ ಹೋಗದೆ ಇನ್ನೊಂದು ಖಾಲಿ ದೋಸೆ ಹೇಳಿದೆ. ಆ ಹೊತ್ತಿಗೆ ಅವನು ಫೋನು ಜೇಬಿಗಿಟ್ಟು ಮ್ಯಾಚಿನ ಮಾತಿಗೆ ಬಿದ್ದಿದ್ದ. ಎರಡನೆಯದು ಯಾವಾಗ ಖಾಲಿಯಾಯಿತೆಂದು ಅವನಿಗೇ ಗೊತ್ತಾಗಲಿಲ್ಲ, ಮೂರನೆಯದನ್ನು ಅವನೇ ಹೇಳಿಕೊಂಡ. ಪುಸ್ತಕದ ನಿಯಮ ತಲೆಕೆಳಗು. ಅವನು ಮೊದಲು ತಿಂದದ್ದು ವಿಡಿಯೋದ ದೋಸೆ. ನಮ್ಮೂರ ದೋಸೆ ಶುರುವಾದದ್ದೇ ಎರಡನೆಯದರಿಂದ.

ನೋ ಮ್ಯಾನ್ಸ್ ಸ್ಕೈನಲ್ಲಿ ನನ್ನ ಕಥೆ ಇದಕ್ಕಿಂತ ಕೆಟ್ಟದ್ದು, ಮತ್ತು ತಪ್ಪು ಪೂರ್ತಿ ನನ್ನದೇ. ಆಟ ತೆಗೆದುಕೊಂಡ ಮೊದಲ ಸಂಜೆ ನನಗೆ ಸಿಕ್ಕಿದ್ದು ಕೆಂಪು ಹುಲ್ಲಿನ ಗ್ರಹ. ಬಾಹ್ಯಾಕಾಶದ ಹಡಗು ಕೆಟ್ಟು ನಿಂತಿತ್ತು. ಅದರ ರಿಪೇರಿಗೆ ಬೇಕಾದ ಖನಿಜ ಹುಡುಕುತ್ತ ಹೊರಟವನು ಒಂದು ದಿಬ್ಬ ಹತ್ತಿದೆ. ಆಚೆ ಇಳಿಜಾರಿನಲ್ಲಿ ಮಳೆ ಬರುತ್ತಿತ್ತು, ಮಳೆಯಲ್ಲಿ ಹಂದಿಯಂಥ ಒಂದು ಪ್ರಾಣಿ ಕುಪ್ಪಳಿಸುತ್ತ ಹೋಗುತ್ತಿತ್ತು. ಅದನ್ನು ನನಗಿಂತ ಮೊದಲು ಭೂಮಿಯ ಮೇಲೆ ಯಾರೂ ನೋಡಿಲ್ಲ, ಅದನ್ನು ಮಾಡಿದವರೂ ನೋಡಿಲ್ಲ ಅನ್ನುವುದು ತಲೆಗೆ ಹೊಕ್ಕಾಗ ಮೈ ಜುಮ್ಮೆಂದಿತು. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಎರಡು ತಾಸು ಹಾಗೇ ಅಲೆದೆ.

ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು, ಉಳಿದವರು ಏನಂತಾರೆ ನೋಡೋಣ ಅಂತ ಫೋನು ತೆರೆದೆ. ತೆರೆಯಬಾರದಿತ್ತು. "ಮೂರನೇ ಗ್ರಹಕ್ಕೆ ಬೇಜಾರು." "ಎಲ್ಲಾ ಒಂದೇ, ಬಣ್ಣ ಬೇರೆ." "ತೋರಿಸಿದ್ದೇ ಒಂದು, ಕೊಟ್ಟಿದ್ದೇ ಒಂದು." ಮಾರನೇ ದಿನ ಅದೇ ದಿಬ್ಬ ಹತ್ತಿದೆ. ಅದೇ ಮಳೆ, ಅದೇ ಹಂದಿ. ಆದರೆ ನಾನು ನೋಡುತ್ತಿದ್ದದ್ದು ಹಂದಿಯನ್ನಲ್ಲ, ಇದರ ಕಾಲು ಯಾವುದರಿಂದ ತಂದು ಅಂಟಿಸಿದ್ದಾರೆ ಅನ್ನುವುದನ್ನು. ಮೂರನೇ ಗ್ರಹ ಬಂದಾಗ ಬೇಜಾರು ಬರುತ್ತದಾ ಅಂತ ಕಾದೆ. ಕಾದವನಿಗೆ ಬೇಜಾರು ಬಾರದೆ ಇರುತ್ತದೆಯೇ? ಹೇಳಿದ ಟೈಮಿಗೆ ಬಂತು. ವಾರದೊಳಗೆ ಆಟ ಮುಚ್ಚಿಟ್ಟು, ನಾನೂ ಹೋಗಿ ನಾಲ್ಕು ಸಾಲು ಬೈದು ಬಂದೆ. ಮೊದಲ ಸಂಜೆಯ ಎರಡು ತಾಸಿನ ಬಗ್ಗೆ ಅದರಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ಒಂದು ಪ್ರಯೋಗ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು. ಒಂದೇ ವೈನಿಗೆ ಎರಡು ಬೆಲೆ ಹೇಳಿ ಕುಡಿಸಿದರು, ಒಮ್ಮೆ 10 ಡಾಲರ್, ಒಮ್ಮೆ 90 ಡಾಲರ್. ಕುಡಿಯುವಾಗ ಸ್ಕ್ಯಾನಿಂಗ್ ಯಂತ್ರದಲ್ಲಿ ಮೆದುಳನ್ನು ನೋಡಿದರು. 90 ಅಂದಾಗ ರುಚಿ ಜಾಸ್ತಿ ಅಂತ ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಹಿತವನ್ನು ಗುರುತಿಸುವ ಮೆದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದರೆ ಅವರು ಬೂಟಾಟಿಕೆ ಮಾಡುತ್ತಿರಲಿಲ್ಲ, ಅವರಿಗೆ ನಿಜಕ್ಕೂ ರುಚಿ ಹತ್ತಿತ್ತು. ಹಾಗೇ ನನಗೂ ಎರಡನೇ ದಿನ ನಿಜಕ್ಕೂ ಬೇಜಾರಾಗಿತ್ತು. (ಈ ಪ್ರಯೋಗವನ್ನು ಕ್ಲಾಸಿನಲ್ಲಿ ಹೇಳುವಾಗ ವೈನನ್ನು ಸೀಕರಣೆ ಅಂತ ಬದಲಾಯಿಸಿಕೊಂಡಿದ್ದೇನೆ. ಪ್ರಿನ್ಸಿಪಾಲರ ಕೋಣೆ ಪಕ್ಕದಲ್ಲೇ ಇದೆ.)

ಇನ್ನು ಅಂಕಗಳ ಮಾತು. ಜಪಾನಿನ 'ಫಾಮಿತ್ಸು' ಎಂಬ ವಿಡಿಯೋ ಗೇಮ್ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತರಲ್ಲಿ ಅಂಕ ಕೊಟ್ಟು ನಲವತ್ತಕ್ಕೆ ಕೂಡಿಸುತ್ತಾರೆ. ನಲವತ್ತಕ್ಕೆ ನಲವತ್ತು ಮೊದಲ ಬಾರಿ ಸಿಕ್ಕಿದ್ದು 1998ರಲ್ಲಿ, ಜೆಲ್ಡಾ ಸರಣಿಯ 'ಒಕರಿನಾ ಆಫ್ ಟೈಮ್'ಗೆ. 'ಮೆಟಾಕ್ರಿಟಿಕ್' ಎಂಬ ಜಾಲತಾಣ ಎಲ್ಲ ಕಡೆಯ ವಿಮರ್ಶೆಗಳನ್ನು ಒಟ್ಟು ಹಾಕಿ ನೂರಕ್ಕೆ ಇಷ್ಟು ಅಂತ ಒಂದೇ ಸಂಖ್ಯೆ ಮಾಡಿಕೊಡುತ್ತದೆ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ಆಟವನ್ನು ಮಾಡಿದ ಒಬ್ಸಿಡಿಯನ್ ಸಂಸ್ಥೆಗೆ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಕರಾರಿತ್ತಂತೆ. ಬಂದದ್ದು 84. ಅಲ್ಲಿ ಕೆಲಸ ಮಾಡಿದವರೇ 2012ರಲ್ಲಿ ಇದನ್ನು ಹೇಳಿಕೊಂಡರು.

ಇದನ್ನು ಓದಿದ ದಿನ ನಾನು ಮೌಲ್ಯಮಾಪನದ ಡ್ಯೂಟಿಯಲ್ಲಿದ್ದೆ. ಮೇ ತಿಂಗಳ ಬಿಸಿಲು, ಫ್ಯಾನು ತಿರುಗಿದರೆ ಉತ್ತರ ಪತ್ರಿಕೆ ಹಾರುತ್ತವೆ ಅಂತ ಫ್ಯಾನು ಬಂದ್. ನಮ್ಮ ಕೈಯಲ್ಲೂ ಹೀಗೇ ಒಂದಂಕದಲ್ಲಿ ನಿಂತ ಮಕ್ಕಳಿರುತ್ತಾರೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತು ಹೇಳಿಬಿಡುತ್ತೇನೆ: ಮುತ್ತು ಪೋಣಿಸಿದಂಥ ಅಕ್ಷರದ, ತೊಂಬತ್ತೈದರ ಪತ್ರಿಕೆ ನೋಡಿದ ಮೇಲೆ ಕೈಗೆ ಬರುವ ಸಾಧಾರಣ ಪತ್ರಿಕೆಯ ನಸೀಬು ಸರಿಯಿಲ್ಲ ಅಂತಲೇ ಲೆಕ್ಕ. ಎಷ್ಟೇ ನಿಗಾ ವಹಿಸಿದರೂ ಪೆನ್ನು ಅರ್ಧ ಅಂಕ ಬಿಗಿಯಾಗುತ್ತದೆ. ಅದೇ ಪತ್ರಿಕೆ ಖಾಲಿ ಹಾಳೆಯ ಬಂಡಲ್ಲಿನ ನಡುವೆ ಬಂದಿದ್ದರೆ 'ಪಾಪ, ಬರೆದಿದ್ದಾನೆ' ಅನ್ನಿಸುತ್ತದೆ. ಹಾಗಾಗಿ 84 ಅಂತ ಎಲ್ಲಾದರೂ ಕಂಡರೆ ನನಗೆ ಮೊದಲು ಬರುವ ಯೋಚನೆ, ಅದಕ್ಕಿಂತ ಮುಂಚೆ ಇವರು ಆಡಿದ್ದು ಯಾವ ಆಟವೋ ಅನ್ನುವುದು.

ಹಾಗಂತ ವಿಮರ್ಶೆಯೇ ಬೇಡ ಅನ್ನುವ ಪಂಗಡ ನಮ್ಮದಲ್ಲ. ಮಂಡಿಯ ಗುಮಾಸ್ತನ ಮಗ ಹಾಗನ್ನಲು ಸಾಧ್ಯವೂ ಇಲ್ಲ. ಯಾರ್ಡಿಗೆ ಮೆಕ್ಕೆಜೋಳದ ಚೀಲ ಬಂದಾಗ ಖರೀದಿದಾರ ಚೀಲದ ಬಾಯಿ ಬಿಚ್ಚಿ ನೋಡಿ ದುಡ್ಡು ಎಣಿಸುವುದಿಲ್ಲ. ಮೊನಚು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ, ತಳಕ್ಕೆ ಚುಚ್ಚುತ್ತಾನೆ. ಕೊಳವೆಯಲ್ಲಿ ಜಾರಿಬಂದ ಕಾಳನ್ನು ಅಂಗೈ ಮೇಲೆ ಹರಡಿ, ಹಲ್ಲಲ್ಲಿ ಕಡಿದು, ತೇವ ಎಷ್ಟು, ಹುಳ ಎಷ್ಟು ನೋಡುತ್ತಾನೆ. "ಚೀಲದ ಬಾಯಾಗೆ ಇರೋ ಕಾಳು ಎಲ್ಲಾರದೂ ಬಂಗಾರನೇ," ಅಂತ ಅಪ್ಪ ಹೇಳುತ್ತಿದ್ದರು.

2020ರಲ್ಲಿ ಬಂದ 'ಸೈಬರ್‌ಪಂಕ್ 2077' ಈ ಮಾತಿಗೆ ಸರಿಯಾಗಿ ಕೂರುತ್ತದೆ. ಪೋಲೆಂಡಿನ ಸಂಸ್ಥೆಯದು. 2012ರಲ್ಲೇ ಆಟ ಬರುತ್ತದೆ ಅಂತ ಸಾರಿದ್ದರು, ಎಂಟು ವರ್ಷ ಜನ ಕಾದರು. ಏಪ್ರಿಲ್ ಅಂದದ್ದು ಸೆಪ್ಟೆಂಬರ್ ಆಯಿತು, ನವೆಂಬರ್ ಆಯಿತು, ಕೊನೆಗೆ ಡಿಸೆಂಬರ್ 10. ಅಷ್ಟರಲ್ಲಿ 80 ಲಕ್ಷ ಜನ ನೋಡದೆಯೇ ಮುಂಗಡ ಕೊಟ್ಟಾಗಿತ್ತು. ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ, ಅದರಲ್ಲೂ ತಾವು ಆಡಿದ ದೃಶ್ಯ ತೋರಿಸುವಂತಿಲ್ಲ ಅಂತ ಷರತ್ತು. ಸರಾಸರಿ 90 ದಾಟಿತು. ಟಿವಿಗೆ ಜೋಡಿಸಿ ಆಡುವ ಹಳೆಯ ಪೆಟ್ಟಿಗೆಗಳಾದ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಟ್ಟುಕೊಂಡವರ ಮನೆಯಲ್ಲಿ ಆಟ ತೆರೆದಾಗ ಕಂಡದ್ದು ಚೀಲದ ತಳ. ಒಂದೇ ವಾರದಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿಯವರು ಅದನ್ನು ತಮ್ಮ ಅಂಗಡಿಯಿಂದ ತೆಗೆದು ಹಣ ವಾಪಸ್ ಕೊಡಲು ನಿಂತರು. ಮತ್ತೆ ಒಳಗೆ ಸೇರಿಸಿದ್ದು 2021ರ ಜೂನಿನಲ್ಲಿ. ಇಂಟರ್ನೆಟ್ಟಿನಲ್ಲಿ ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ 2015ರಿಂದ ಒಂದು ಒಳ್ಳೇ ಪದ್ಧತಿ ಇದೆ: ಕೊಂಡ 14 ದಿನದೊಳಗೆ, ಎರಡು ತಾಸಿಗಿಂತ ಕಮ್ಮಿ ಆಡಿದ್ದರೆ, ಹಣ ವಾಪಸ್. ನನಗೆ ಅದು ಆ ಕಬ್ಬಿಣದ ಕೊಳವೆಯ ಹಾಗೆಯೇ ಕಾಣುತ್ತದೆ. ಬೇರೆಯವರ ಹಲ್ಲಿನಲ್ಲಿ ಕಾಳು ಕಡಿಸುವ ಬದಲು ನಮ್ಮ ಹಲ್ಲಿನಲ್ಲೇ ಕಡಿಯಬಹುದು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಆಟಗಳೂ ಇವೆ. ಗುಂಪಿನೊಳಗೆ ಅಡಗಿದ ಕೊಲೆಗಾರನನ್ನು ಪತ್ತೆ ಮಾಡುವ 'ಅಮಾಂಗ್ ಅಸ್' ಬಂದದ್ದು 2018ರಲ್ಲಿ. ಎರಡು ವರ್ಷ ಅದು ಇದೆ ಅಂತಲೇ ಹೆಚ್ಚಿನವರಿಗೆ ತಿಳಿದಿರಲಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಯಾರೋ ಒಬ್ಬರು ಇನ್ನೊಬ್ಬರಿಗೆ, ಬಾ ಆಡೋಣ ಅಂದರು, ಅಷ್ಟೇ. ಆಗ ನಾನು ಆನ್‌ಲೈನ್ ಕ್ಲಾಸಿನಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಪಾಠ ಮಾಡುತ್ತಿದ್ದೆ. ಹುಡುಗರು ತುಂಬ ಗಂಭೀರವಾಗಿ ಪರದೆ ನೋಡುತ್ತಿದ್ದರು. ಒಂದು ದಿನ ಒಬ್ಬನ ಮೈಕು ತೆರೆದಿದ್ದು, "ಲೇ, ಕೆಂಪು ಬಣ್ಣದೋನೇ ಕೊಂದಿದ್ದು, ನಾ ನೋಡೀನಿ" ಅಂತ ಕೇಳಿಸಿದಾಗ ಗಾಂಭೀರ್ಯದ ಮೂಲ ತಿಳಿಯಿತು. ಬೈಯಲು ಬಾಯಿ ತೆರೆದವನು, ಅದು ಯಾವ ಆಟ ಅಂತ ಕೇಳಿಬಿಟ್ಟೆ.

ಹೋದ ವರ್ಷ, ಅಂದರೆ 2025ರ ಸೆಪ್ಟೆಂಬರಿನಲ್ಲಿ, ಇನ್ನೊಂದು ತಮಾಷೆ ಆಯಿತು. 'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬ ಆಟಕ್ಕೆ ಜನ 2019ರಿಂದ ಕಾದಿದ್ದರು. ಆಸ್ಟ್ರೇಲಿಯಾದ ಅಡಿಲೇಡಿನ ಪುಟ್ಟ ತಂಡ, ವರ್ಷಗಟ್ಟಲೆ ತುಟಿ ಬಿಚ್ಚಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ, ಇನ್ನು ಎರಡು ವಾರಕ್ಕೆ ಬರುತ್ತದೆ ಅಂದರು. ವಿಮರ್ಶಕರಿಗೂ ಮುಂಗಡ ಪ್ರತಿ ಇಲ್ಲ. ಬಿಡುಗಡೆಯ ಹೊತ್ತಿಗೆ ಅಂಗಡಿಗಳೇ ಜನರ ನೂಕಿಗೆ ತತ್ತರಿಸಿ ನಿಂತವು. ಆ ರಾತ್ರಿ ವಿಮರ್ಶಕನೂ, ನಮ್ಮ ಕಾಲೇಜಿನ ಕೊನೇ ಬೆಂಚಿನ ಹುಡುಗನೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದರು. ಯಾರಿಗೂ ಮೊದಲೇ ಬಡಿಸಿರಲಿಲ್ಲ. ಮೊದಲ ದಿನವೇ ಕಷ್ಟ ಜಾಸ್ತಿಯಾಯಿತು, ಕಷ್ಟ ಇರಬೇಕು ಅಂತ ಜಗಳವೂ ಹತ್ತಿಕೊಂಡಿತು. ಆದರೆ ಅದು ಉಂಡವರ ಜಗಳ.

ಇಷ್ಟೆಲ್ಲ ತಿಳಿದ ನಾನು ಬುದ್ಧಿವಂತನಾದೆ ಅಂದುಕೊಂಡರೆ ತಪ್ಪು. 'ಜಿಟಿಎ 6'ರ ಮೊದಲ ತುಣುಕು 2023ರ ಡಿಸೆಂಬರಿನಲ್ಲಿ ಬಂದಾಗಿನಿಂದ ಎಷ್ಟು ಸಲ ನೋಡಿದ್ದೇನೆ ಅಂತ ಹೇಳಲು ನಾಚಿಕೆ. ಓದುವಾಗ ಸೈಬರ್ ಕೆಫೆಯಲ್ಲಿ ತಾಸಿಗೆ 20 ರೂಪಾಯಿ ಕೊಟ್ಟು ಅದೇ ಸರಣಿಯ ಹಳೇ ಆಟ 'ವೈಸ್ ಸಿಟಿ' ಆಡಿದ ಪೀಳಿಗೆ ನಮ್ಮದು. ಆ ಕತೆ ಏನು, ಕೊಟ್ಟ ಕೆಲಸ ಏನು ಯಾವುದೂ ತಿಳಿಯದೆ ಸಮುದ್ರದ ದಂಡೆಯಲ್ಲಿ ಸುಮ್ಮನೆ ಬೈಕು ಓಡಿಸಿಕೊಂಡು, ಇದೇ ಜೀವನ ಅಂದುಕೊಂಡಿದ್ದೆವು. ಈಗ ಅದೇ ಊರಿಗೆ ಹೊಸ ರಸ್ತೆ ಹಾಕಿಸಿ ಕರೆಯುತ್ತಿದ್ದಾರೆ. 2025ಕ್ಕೆ ಅಂದರು, 2026ರ ಮೇ ಅಂದರು, ಆಮೇಲೆ ನವೆಂಬರ್ 19 ಅಂದರು. ಕ್ಯಾಲೆಂಡರಿನಲ್ಲಿ ಅದು ಗುರುವಾರ. ಸಿಎಲ್ ಅರ್ಜಿಯಲ್ಲಿ ಏನು ಕಾರಣ ಬರೆಯಬೇಕು ಅನ್ನುವುದನ್ನು ಆಗಲೇ ಯೋಚಿಸಿಟ್ಟಿದ್ದೇನೆ. ಸೊನ್ನೆಯನೇ ಹಣ್ಣು ಎಷ್ಟು ಕೆಟ್ಟದ್ದು ಅಂತ ಗೊತ್ತು. ಆದರೆ ಅದರ ರುಚಿಯ ಮುಂದೆ ಯಾವ ಹಣ್ಣೂ ಇಲ್ಲ ಅಂತಲೂ ಗೊತ್ತು. ಎಂಟು ವರ್ಷ ಕಾದು ಸೈಬರ್‌ಪಂಕ್ ಕೊಂಡು ಗೋಳಾಡಿದವರನ್ನು ಕೇಳಿ ನೋಡಿ, ಕಾದ ವರ್ಷಗಳನ್ನು ಅವರು ಬೈಯುವುದಿಲ್ಲ.

ನೋ ಮ್ಯಾನ್ಸ್ ಸ್ಕೈ ಮಾಡಿದವರು ಬೈಗುಳ ತಿಂದು ಓಡಿಹೋಗಲಿಲ್ಲ. ಕದ ಹಾಕಿಕೊಂಡು ಕೆಲಸ ಮಾಡಿದರು. ಆ ವರ್ಷದ ನವೆಂಬರಿನಿಂದ ಶುರು ಮಾಡಿ ವರ್ಷ ವರ್ಷವೂ ಹೊಸ ಹೊಸ ಸೇರ್ಪಡೆ, ಎಲ್ಲ ಪುಕ್ಕಟೆ. 2018ರ ಹೊತ್ತಿಗೆ ಆಟಗಾರರು ಒಬ್ಬರಿಗೊಬ್ಬರು ಕಾಣಿಸತೊಡಗಿದರು. ಮೊದಲು ಕೆಂಪು ಬಣ್ಣದಲ್ಲಿ ಬೈದಿದ್ದ ಸ್ಟೀಮ್ ಅಂಗಡಿಯ ಒಟ್ಟು ಅಭಿಪ್ರಾಯ 2024ರಲ್ಲಿ 'ತುಂಬ ಚೆನ್ನಾಗಿದೆ' ಅನ್ನುವಲ್ಲಿಗೆ ಏರಿತು. ನನ್ನ ನಾಲ್ಕು ಸಾಲಿನ ಬೈಗುಳ ಇನ್ನೂ ಅಲ್ಲೇ ಇದೆ. ಅಳಿಸಲು ಹೋಗಿ, ಇರಲಿ ಬಿಡು, ನನ್ನ ಯೋಗ್ಯತೆಗೆ ಒಂದು ಸಾಕ್ಷಿ ಅಂತ ಬಿಟ್ಟೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮಗಳು, ನಾಲ್ಕನೇ ಕ್ಲಾಸು ಮುಗಿಸಿದವಳು, ಬೇಜಾರು ಬೇಜಾರು ಅಂತ ಜೀವ ತಿನ್ನುತ್ತಿದ್ದಳು. ಆ ಹಳೇ ಆಟ ಹಾಕಿ ಕೊಟ್ಟೆ. ಏನು ಎತ್ತ ಹೇಳಲಿಲ್ಲ. ಅವಳು ಇಳಿದದ್ದು ಒಂದು ಬೋಳು ಗ್ರಹ. ಗಿಡವಿಲ್ಲ, ಪ್ರಾಣಿಯಿಲ್ಲ, ಕಣ್ಣು ಹಾಯುವಷ್ಟು ದೂರ ಬೆಳ್ಳನೆಯ ದುಂಡು ಕಲ್ಲು. ನನ್ನ ಹಳೇ ಬುದ್ಧಿ ಒಳಗೇ ಚುಚ್ಚಿತು: ಛೇ, ಕೆಟ್ಟ ಗ್ರಹ ಸಿಕ್ಕಿತಲ್ಲ, ಬೇರೆ ಕಡೆ ಹಾರು ಅಂತ ಹೇಳಲೇ? ಅವಳಾಗಲೇ ಕಲ್ಲಿನ ನಡುವೆ ಓಡಾಡಲು ಶುರು ಮಾಡಿದ್ದಳು.

"ಅಪ್ಪಾ, ಇದಕ್ಕೆ ಹೆಸರಿಡಬಹುದಂತೆ. ಏನಿಡ್ಲಿ?"

"ನಿನಗೆ ಬೇಕಾದ್ದು ಇಡು."

ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಒತ್ತಿ 'ಮಂಡಕ್ಕಿ' ಅಂತ ಬರೆದಳು. ನಮ್ಮೂರಿನ ಭಟ್ಟಿಗಳ ಅಂಗಳದಲ್ಲಿ ರಾಶಿ ಹಾಕಿದ ಹಾಗೆಯೇ ಇತ್ತು ನಿಜ. ಒಂದು ತಾಸು ಅದೇ ಗ್ರಹದಲ್ಲಿ ಕಳೆದಳು. ಬೇರೆ ಗ್ರಹವೂ ಇದೆ ಅನ್ನುವ ವಿಷಯ ಅವಳಿಗೆ ಬೇಕೇ ಇರಲಿಲ್ಲ.

ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಂಡಿ ಬಿಟ್ಟು ಬಹಳ ವರ್ಷವಾಯಿತು, ಲೆಕ್ಕದ ಚಟ ಬಿಟ್ಟಿಲ್ಲ. ಇದರೊಳಗೆ ಒಟ್ಟು ಎಷ್ಟು ಗ್ರಹ ಅಂತ ಕೇಳಿದರು. ಅವಳಿಗೆ ಕೇಳಿಸದ ಹಾಗೆ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ. ಕನ್ನಡಕ ಏರಿಸಿ, ಬೆರಳಿಟ್ಟು, ಬಲದಿಂದ ಎಡಕ್ಕೆ ಎಣಿಸಿದರು.

"ಇಪ್ಪತ್ತು ಅಂಕಿ," ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಕ್ಯಾಸೆಟ್ಟಿನೋನೇ ವಾಸಿ. ಮರ್ಯಾದಿ ಇಟ್ಕಂಡು ಕೋಟಿಯೊಳಗೆ ನಿಲ್ಸಿದ್ದ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಏನವ್ವಾ, ಆಟ ಹೆಂಗೈತಿ? ಹತ್ತಕ್ಕೆ ಎಷ್ಟು ಕೊಡ್ತೀಯ?"

"ಒಂಬತ್ತು," ಅಂದಳು, ಪರದೆಯಿಂದ ಕಣ್ಣು ತೆಗೆಯದೆ.

"ಒಂದು ಯಾಕೆ ಕಮ್ಮಿ?"

"ಮಂಡಕ್ಕಿ ಅಂತ ಹೆಸರಿಟ್ಟೀನಿ ತಾತ. ತಿನ್ನಾಕೆ ಬರಂಗಿಲ್ಲ."

ಅಪ್ಪ ಪೇಪರ್ ಮಡಚಿಟ್ಟು ಎದ್ದರು, ಬಾಗಿಲ ಬಳಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಮಂಡಕ್ಕಿ ಮಿರ್ಚಿಯ ಗಾಡಿ ನಮ್ಮ ಬೀದಿಯ ಮೂಲೆಗೆ ಬರುವುದು ಆರಕ್ಕೆ. ಆಗಲೇ ಐದೂ ಮುಕ್ಕಾಲು ಆಗಿತ್ತು.